ಅವ್ವನ ಬಣ್ಣ ತೊಳೆದ ಬ್ಯಾನರ್



ಅವ್ವ ತೀರಿಕೊಂಡು ವರ್ಷ ಆಯ್ತು. ಪುಣ್ಯಸ್ಮರಣೆಗೆ ಬೇಮಳಖೇಡದ ನಮ್ಮ ಓಣ್ಯಾಗ ಒಂದು ಬ್ಯಾನರ್ ಕಟ್ಟಬೇಕಂತ ಮಾಡಿದ್ವಿ. ಅವ್ವಂದು ಇದ್ದದ್ದು ಒಂದೇ ಫೋಟೋ, ಯಾವುದೋ ಕಾರ್ಡಿಗೆ ಅಂತ ತೆಗೆಸಿದ್ದು. ಅದನ್ನೇ ಒಯ್ದು ಒಂದು ಅಂಗಡಿಗೆ ಕೊಟ್ಟೆ.

ಬ್ಯಾನರ್ ಬಿಚ್ಚಿದಾಗ ನನ್ನ ಮಗಳು ಕೇಳಿದಳು: "ಅಪ್ಪಾ, ಇದು ಯಾರ ಫೋಟೋ? ಆಯಿ ಎಲ್ಲಿ?"

ತೊಗರಿ ಹೊಲದಾಗ ಬಿಸಿಲು ಕುಡಿದ ಅವ್ವನ ಮಾರಿ ಹಾಲಿನಂಗ ಬೆಳ್ಳಗಾಗಿತ್ತು. ಹಣಿ ಮ್ಯಾಲಿನ ಗೆರಿ ಇಲ್ಲ, ಹಚ್ಚೆ ಇಲ್ಲ. ಅಂಗಡಿ ಹುಡುಗನ್ನ ಕೇಳಿದ್ರೆ, "ಸ್ವಲ್ಪ ಗ್ಲೋ ಕೊಟ್ಟೀನಿ ಅಣ್ಣಾ, ಎಲ್ಲಾರಿಗೂ ಹಂಗೇ ಮಾಡ್ತೀನಿ" ಅಂದ. ಅವನೂ ನಮ್ಮ ಹುಡುಗನೇ. ಅವನ ಮ್ಯಾಲೆ ಸಿಟ್ಟು ಬರಲಿಲ್ಲ, ಅಳು ಬಂತು. ಜಯಂತಿ ಬ್ಯಾನರಿನಲ್ಲಿ ಬಾಬಾಸಾಹೇಬರ ಮುಖಕ್ಕೂ ನಾವು ಇದನ್ನೇ ಮಾಡ್ತಾ ಬಂದಿದ್ದೀವಲ್ಲ!

ಇದು ಇವತ್ತಿನ ರೋಗ ಅಲ್ಲ. ರೀಲಿನ ಕಾಲದಲ್ಲಿ ಕೊಡಾಕ್ ಕಂಪನಿ ಬಣ್ಣ ಸರಿ ನೋಡೋಕೆ ಲ್ಯಾಬುಗಳಿಗೆ ಕಳಿಸ್ತಿದ್ದ ಕಾರ್ಡಿನಲ್ಲಿ ಇರ್ತಿದ್ದದ್ದು ಬಿಳಿ ಹೆಣ್ಣುಮಗಳು. ಅದಕ್ಕೆ 'ಶರ್ಲಿ ಕಾರ್ಡ್' ಅಂತಲೇ ಹೆಸರು. ಆ ಫಿಲ್ಮಿನಲ್ಲಿ ಕಪ್ಪು ಜನರ ಮುಖ ಸರಿಯಾಗಿ ಮೂಡ್ತಿರಲಿಲ್ಲ. ಚಾಕಲೇಟ್ ಮತ್ತು ಮರದ ಸಾಮಾನು ಮಾರುವವರು ತಮ್ಮ ಮಾಲಿನ ಬಣ್ಣ ಸರಿ ಬರ್ತಿಲ್ಲ ಅಂತ ದೂರಿದ ಮೇಲೆ ಕಂಪನಿ ಫಿಲ್ಮನ್ನು ತಿದ್ದಿತು. ಮನುಷ್ಯರ ಮಾರಿಗಿಂತ ಚಾಕಲೇಟಿನ ಮಾತು ಮೊದಲು ಕೇಳಿತು!

ಅವತ್ತೇ ನಿರ್ಧಾರ ಮಾಡಿದೆ, ಇದನ್ನು ನಾನೇ ಕಲೀಬೇಕು. ದುಬಾರಿ ಫೋಟೋಶಾಪ್ ನಮಗೆ ಬೇಕಿಲ್ಲ, ಅದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು. ಕದ್ದ ಕಾಪಿಯೂ ಬೇಡ, ಅದರ ಜೊತೆ ವೈರಸ್ ಬರ್ತದ. ನಾನು ಬಳಸಿ ನೋಡಿದ್ದು ಹೇಳ್ತೀನಿ:

ಮೊಬೈಲಿಗೆ ಸ್ನ್ಯಾಪ್‌ಸೀಡ್. ಗೂಗಲ್‌ದು, ಪುಕ್ಕಟೆ, ಫೋಟೋ ಮೇಲೆ ತನ್ನ ಹೆಸರು ಒತ್ತಲ್ಲ. ಹಳೇ ಫೋಟೋದ ಗೀರು, ಕಲೆ ತೆಗೆಯೋಕೆ 'ಹೀಲಿಂಗ್' ಅದ. ಮುಖ ಕತ್ತಲಾಗಿದ್ರೆ 'ಶಾಡೋಸ್' ಮಾತ್ರ ಸ್ವಲ್ಪ ಏರಿಸ್ರಿ. ಬೆಳಕು ಬೇರೆ, ಬಿಳುಪು ಬೇರೆ.

ಫೋಟೋ ಮೇಲೆ ಕನ್ನಡ ಬರೆಯೋಕೆ ಪಿಕ್ಸೆಲ್‌ಲ್ಯಾಬ್. ಯೂನಿಕೋಡ್ ಫಾಂಟ್ ಹಾಕ್ರಿ, ನೋಟೋ ಸಾನ್ಸ್ ಕನ್ನಡ ಪುಕ್ಕಟೆ ಸಿಗ್ತದ. ಹಳೇ ನುಡಿ ಅಕ್ಷರದಲ್ಲಿ ಹೊಡೆದದ್ದು ಮೊಬೈಲಿನಲ್ಲಿ ಅಕ್ಷರ ಕೆಟ್ಟು ಬರ್ತದ.

ಕಂಪ್ಯೂಟರ್ ಇದ್ದವರಿಗೆ ಫೋಟೋಪಿಯಾ. ಬ್ರೌಸರಿನಲ್ಲೇ ತೆರೀತದ, ಜಯಂತಿ ಟೈಮಿಗೆ ಬರೋ ಪಿಎಸ್‌ಡಿ ಫೈಲುಗಳನ್ನೂ ಬಿಚ್ಚತದ. ನೆಟ್ ಇಲ್ಲದಿದ್ದರೆ ಗಿಂಪ್ ಇಳಿಸಿಕೊಳ್ರಿ. ಅದೂ ಪುಕ್ಕಟೆ, ಕಲಿಯೋಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು.

ಇನ್ನು ನಾಲ್ಕು ಮಾತು ನೆನಪಿಡ್ರಿ. ಕ್ಯಾಮೆರಾದ 'ಬ್ಯೂಟಿ' ಬಂದ್ ಮಾಡ್ರಿ. ಫೋಟೋ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಅಂತ ಕಳಿಸ್ರಿ, ಇಲ್ಲಾಂದ್ರೆ ಕುಗ್ಗತದ. ಜಾಗ ಹೊಂದಿಸೋಕೆ ಬಾಬಾಸಾಹೇಬರ ಪ್ರತಿಮೆ ಫೋಟೋ ತಿರುವಿ ಹಾಕಬ್ಯಾಡ್ರಿ, ಎಡಗೈಯ ಸಂವಿಧಾನ ಬಲಗೈಗೆ ಹೋಗ್ತದ. ದೌರ್ಜನ್ಯ ನಡೆದ ಜಾಗದ ಫೋಟೋ ಇದ್ರೆ ಮೂಲವನ್ನು ಮುಟ್ಟಲೇಬ್ಯಾಡ್ರಿ, ಅದು ಸಾಕ್ಷಿ. ಹಂಚೋ ಕಾಪಿಯಲ್ಲಿ ನೊಂದವರ ಮುಖಕ್ಕೆ ಗಟ್ಟಿ ಕಪ್ಪು ಬಡೀರಿ. ತೆಳು ಬಣ್ಣ ಬಳಿದರೆ ಹಿಂದಿನ ಮುಖ ಕಾಣಿಸಬಹುದು.

1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ನಮ್ಮ ಮಾತು ನಾವೇ ಅಚ್ಚು ಹಾಕಬೇಕಾಯ್ತು. ನಮ್ಮ ಮುಖಾನೂ ಅಷ್ಟೇ, ನಾವೇ ಅಚ್ಚು ಹಾಕಬೇಕು.

ಅವ್ವನ ಫೋಟೋ ಮತ್ತೆ ಮಾಡಿದೆ. ಎರಡು ಗೀರು ತೆಗೆದೆ, ಅಷ್ಟೇ. ಈಗ ಗ್ವಾಡಿ ಮ್ಯಾಲೆ ಅದ. ಕರ್ರಗೆ, ಹಚ್ಚೆ ಸಮೇತ. ಮಗಳು ನೋಡಿ, "ಹ್ಞಾಂ, ಇದು ಆಯಿ" ಅಂದಳು.

ಈ ಸಲ ಏಪ್ರಿಲ್ 14ರ ಬ್ಯಾನರ್ ನಮ್ಮ ಓಣಿ ಹುಡುಗ್ಯಾರು ಮಾಡ್ತಾರ. ನಿಮ್ಮೂರಾಗೂ ಮಾಡಿಸ್ರಿ.

ಜೈಭೀಮ್.