ಗ್ವಾಡಿಗೊಂದು ಟೊಪ್ಪಗಿ

ಅಕ್ಕಂದಿರ, ತಂಗ್ಯಾರ, ಹೋದ ವರ್ಷ ಮಗಳ ಹತ್ರ ಇಟಲಿಗೆ ಹೋಗಿ ಬಂದಾಗ ನೀವೆಲ್ಲಾ ಕೇಳಿದ್ದು ಒಂದ ಮಾತು: "ಏನೇನ್ ತಂದಿ?" ತಂದಿದ್ದ ಚಾಕಲೇಟ್ ಯಾವಾಗೋ ಮುಗದು ಹೋದ್ವು. ಉಳದಿದ್ದು ಪಾಂಪೇಯಿ ಊರಿನ ಗ್ವಾಡಿಗಳ ನೆನಪು. ಈ ವಾರ ಅಣ್ಣನ ಫೋನ್ ಬಂದಾಗಿಂದ ಆ ಗ್ವಾಡಿನ ಕಣ್ಣಮುಂದ ಬರಾಕ ಹತ್ಯಾವು. ಅದಕ್ಕ ಬರ್ಯಾಕ ಕುಂತೀನಿ.

ನೇಪಲ್ಸಿನಿಂದ ಸಣ್ಣ ರೈಲಿನಾಗ ಹೋದ್ವಿ. ಊರ ಹಿಂದ ವೆಸೂವಿಯಸ್ ಗುಡ್ಡ. ಕ್ರಿ.ಶ. 79ರಾಗ ಆ ಗುಡ್ಡ ಸಿಡದು, ಹಗುರ ಕಲ್ಲು, ಬೂದಿ ಸುರದು, ಇಡೀ ಊರು ಮುಚ್ಚಿ ಹೋತು. 1748ರಾಗ ಅಗ್ಯಾಕ ಶುರು ಮಾಡಿದ್ರು. ಇವತ್ತಿಗೂ ಮೂರರಾಗ ಒಂದು ಪಾಲು ಮಣ್ಣೊಳಗ ಐತಿ. ಬರೇ ಗುಡಿ, ಕಂಬ ನೋಡೋದು ಇರ್ತೈತಿ ಅಂದ್ಕೊಂಡು ಹೋಗಿದ್ದೆ. ಆದ್ರ ಅಲ್ಲಿ ತುಂಬ್ಕೊಂಡಿರೋದು ಮನಿಗಳು. ಓಣಿ, ಹೊಸ್ತಿಲು, ಅಡಗಿ ಕಟ್ಟಿ, ಅಂಗಡಿ ಕಟ್ಟಿ.

ಒಂದು ಬ್ರೆಡ್ ಸುಡೋ ಅಂಗಡಿಯೊಳಗ ಕರಿ ಕಲ್ಲಿನ ಬೀಸುಕಲ್ಲು ಸಾಲಾಗಿ ನಿಂತಾವು. ನಮ್ಮವ್ವ ಕುಂತು ಬೀಸೋ ಅಂಥವಲ್ಲ, ಕತ್ತೆ ಕಟ್ಟಿ ತಿರಗಸೋವು. ಇನ್ನೊಂದು ಅಂಗಡಿ ಒಲಿಯೊಳಗ 81 ಬ್ರೆಡ್ಡು ಕರಕಲಾಗಿ ಸಿಕ್ಕಿದ್ವಂತ. ಇಟ್ಟವರು ತಗ್ಯಾಕ ಬರಲೇ ಇಲ್ಲ. ದೊಡ್ಡ ಮನಿಗಳ ನಡುಮನಿಯೊಳಗ ಸೂರಿಗೆ ಚೌಕ ಬಾಯಿ, ಅದರ ಕೆಳಗ ಮಳಿನೀರು ಹಿಡ್ಯೋ ತೊಟ್ಟಿ. ಅಲ್ಲಿ ನಿಂತು ಮ್ಯಾಲ ನೋಡಿದಾಗ ತವರಮನಿ ಬೆಳಕಿಂಡಿ ನೆನಪಾಗಿ ಗಂಟಲು ಕಟ್ಟಿತು.

ಗ್ವಾಡಿ ಮ್ಯಾಲೆಲ್ಲಾ ಚುನಾವಣಿ ಬರಹ ಇದ್ವಂತ, "ಇಂಥವರನ್ನ ಆರಿಸ್ರಿ" ಅಂತ. ಅಸೆಲ್ಲಿನಾ ಅನ್ನೋ ಹೆಂಗಸಿನ ಅಂಗಡಿ ಗ್ವಾಡಿ ಮ್ಯಾಲ ಹೆಂಗಸರ ಹೆಸರಿನಾಗೂ ಹಂಗ ಬರಸ್ಯಾರ. ಹೆಂಗಸರಿಗೆ ಓಟು ಹಾಕೋ ಹಕ್ಕ ಇರಲಿಲ್ಲ, ಆದ್ರೂ ಹೇಳೋದು ಹೇಳ್ಯಾರ! ನಮ್ಮ ಓಣಿ ನೆನಪಾಗಿ ನಕ್ಕೆ.

ಆದ್ರ ನನ್ನ ಕಾಲು ನಿಂತಿದ್ದು ಒಂದು ಸಾದಾ ಗ್ವಾಡಿ ಮುಂದ. ಹರದ ಸೀರಿಗೆ ತ್ಯಾಪಿ ಹಚ್ಚಿದಂಗ ಕಲ್ಲಿನ ಗ್ವಾಡಿ ನಡುವ ಇಟ್ಟಂಗಿ ತ್ಯಾಪಿ. ಮಗಳು ಹೇಳಿದ್ಲು, ಗುಡ್ಡ ಸಿಡ್ಯೋಕಿಂತ 17 ವರ್ಷ ಮೊದಲ, 62ರಾಗ, ಅಲ್ಲಿ ದೊಡ್ಡ ಭೂಕಂಪ ಆಗಿತ್ತಂತ. ಬಿದ್ದದ್ದು ಎಬ್ಬಿಸಿ, ಬಿರದದ್ದು ಮುಚ್ಚಿ, ಸುಣ್ಣ ಬಳದು, 79 ಬಂದ್ರೂ ರಿಪೇರಿ ಮುಗದಿರಲಿಲ್ಲ. ಒಂದು ಮನಿಯೊಳಗ ಗ್ವಾಡಿಗೆ ಚಿತ್ರ ಬರಿಯೋ ಕೆಲಸ ಅರ್ಧಕ್ಕ ನಿಂತೈತಿ. ನಾಳಿ ಬಂದು ಮುಗಸ್ತೀನಿ ಅಂದವನ ಕೆಲಸ.

ಸಾವಿರದ ಆರನೂರು ವರ್ಷಕ್ಕಿಂತ ಹೆಚ್ಚು ಮಣ್ಣೊಳಗ ಗಟ್ಟಿ ಇದ್ದ ಗ್ವಾಡಿಗಳು ಹೊರಗ ಬಂದ ಮ್ಯಾಲ ಸಾಯಾಕ ಹತ್ತಿದ್ವು. ಸೂರಿಲ್ಲ, ತಲಿ ಮ್ಯಾಲಿಂದ ಮಳಿನೀರು ಒಳಗ ಇಳಿತೈತಿ, ಗಾರಿ ಸಡ್ಲ ಆಗ್ತೈತಿ, ಸಂದಿಯೊಳಗ ಹುಲ್ಲು ಬೇರು ಬಿಡ್ತೈತಿ. 2010ರ ನವೆಂಬರಿನಾಗ ಮಳಿ ಹಿಡದಾಗ, ಗ್ಲಾಡಿಯೇಟರ್‌ಗಳ ಮನಿ ಅಂತ ಕರಿಯೋ ಕಟ್ಟಡ ಕುಸದೇ ಬಿತ್ತು. ಆಮ್ಯಾಲ 10.5 ಕೋಟಿ ಯೂರೋ ತಗದಿಟ್ಟು ಉಳಿಸೋ ಕೆಲಸ ಹಿಡದ್ರು. ಮುರದ ಗ್ವಾಡಿಯ ತಲಿಗೆ ಗಾರಿ ಮೆತ್ತಿ, ನೀರು ಇಳಿಧಂಗ ಟೊಪ್ಪಗಿ ಹಾಕ್ಯಾರ. ಅದನ್ನ ತೋರಿಸಿ ಮಗಳು "ಇಷ್ಟ ಮಾಡಿದ್ರ ಗ್ವಾಡಿ ಉಳಿತೈತಿ ನೋಡವ್ವ" ಅಂದ್ಲು.

ಇದನ್ನ ನಮ್ಮವ್ವ ಯಾವ ಪುಸ್ತಕ ಓದದ ಹೇಳ್ತಿದ್ಲು. "ಮಾಳಗಿ ಸೋರಿದ್ರ ಗ್ವಾಡಿ ಅಳ್ತೈತಿ" ಅಂತ, ವರ್ಷಾ ಮಿರಗದ ಮಳಿಕಿಂತ ಮೊದಲ ಮಾಳಗಿಗೆ ಸವಳು ಮಣ್ಣು ಹಾಕಿಸ್ತಿದ್ಲು. ಕಡೀ ವರ್ಷ ಅದಕ್ಕಂತ ನನ್ನ ಹತ್ರ ರೊಕ್ಕ ಕೇಳಿದ್ಲು. "ಒಬ್ಬಾಕಿ ಇರಾಕಿ, ಯಾಕ ಬೇಕವ್ವ? ನನ್ನ ಮನಿಗೆ ಬಂದುಬಿಡು" ಅಂದೆ. ಬಂದ್ಲು. ನನ್ನ ಮನಿಯೊಳಗನ ಕಣ್ಣು ಮುಚ್ಚಿದ್ಲು. ತವರಮನಿಗೆ ಕೀಲಿ ಬಿದ್ದು ಮೂರು ವರ್ಷ ಆತು.

ಈಗ ಅಡಗಿಮನಿ ಗ್ವಾಡಿ ಬಿದ್ದೈತಿ. ಅವ್ವ ಚಿಮಣಿ ಇಡೋ ಮಾಡ ಇತ್ತಲ್ಲ, ಅದ ಗ್ವಾಡಿ. ಅಣ್ಣ ಫೋನಿನಾಗ, "ಜೆಸಿಬಿ ಕರಸಲೇನವಾ? ಉಳದದ್ದು ಯಾರ ಮ್ಯಾಲರ ಬಿದ್ದೀತು" ಅಂದ. ಅವನದೂ ತಪ್ಪಿಲ್ಲ. ನಾನ ರೊಕ್ಕ ಕೊಡಲಿಲ್ಲ ಅನ್ನೋದು ಅವನಿಗೆ ಗೊತ್ತಿಲ್ಲ. ಇಲ್ಲಿ ಬರದೀನಿ, ಇನ್ನ ಗೊತ್ತಾಗ್ತೈತಿ.

ಇಡೀ ಮನಿ ಉಳಿಸಾಕ ನಮ್ಮ ಕೈಲೆ ಆಗೂದಿಲ್ಲ. ಅಡಗಿಮನಿ ಹೋತು, ಹೋಗಲಿ. ಪಡಸಾಲಿ ಗ್ವಾಡಿ ಇನ್ನೂ ಗಟ್ಟಿ ಐತಿ ಅಂತ ವೈನಿ ಹೇಳ್ಯಾಳ. ಈ ಮಿರಗಕ್ಕಿಂತ ಮೊದಲ ಪಡಸಾಲಿ ಮ್ಯಾಲ ತಗಡು ಹಾಕ್ಸೋದು, ಮುರದ ಗ್ವಾಡಿ ತಲಿಗೆ ಗಾರಿ ಮೆತ್ತಿಸೋದು ಅಂತ ಅಣ್ಣಗ ಹೇಳೀನಿ. ಖರ್ಚು ನನ್ನದು, ಅದು ಅವ್ವಗ ಕೊಡೋ ಬಾಕಿ. ಆದ್ರ ಒಳಗಿನ ಸಾಮಾನು ತಗದು, ಹುಲ್ಲು ಕಿತ್ತು, ಕಸಾ ಹೊಡ್ಯಾಕ ಕೈ ಬೇಕು. ಆ ಪಡಸಾಲಿಯೊಳಗ ಉಂಡು ಮಲಗಿದವರು ನೀವೂ ಅದೀರಿ. ಯಾರ್ಯಾರು ಬರ್ತೀರಿ ಫೋನ್ ಮಾಡ್ರಿ. ಬುತ್ತಿ ನಾ ಕಟ್ಕೊಂಡು ಬರ್ತೀನಿ.