ಚಿಕ್ಕಜಾಲದ ಕಲ್ಲಿನ ಕೆಳಗೆ

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿ ಹಿಡಿದು ಯಲಹಂಕ, ಹುಣಸಮಾರನಹಳ್ಳಿಗಳನ್ನು ದಾಟಿದರೆ ಚಿಕ್ಕಜಾಲ ಸಿಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ದಾರಿಯಲ್ಲಿ ಹೋಗುವವರೆಲ್ಲರೂ ಗಡಿಯಾರ ನೋಡಿಕೊಂಡೇ ಹೋಗುವವರು. ರಸ್ತೆಯ ಮಗ್ಗುಲಿನ ಹಾಳುಕೋಟೆಯ ಕಡೆಗೆ ಕತ್ತು ಹೊರಳಿಸುವವರು ವಿರಳ. ಶಿಥಿಲವಾದ ಗೋಡೆ, ಕಲ್ಲುಕಂಬದ ಮಂಟಪ, ಮೆಟ್ಟಿಲುಗಳ ಕಲ್ಯಾಣಿ. ಅಳಿದುಳಿದ ವೈಭವ ಇಷ್ಟೆ. ಅಲ್ಲಿ ದೆವ್ವಗಳಿವೆಯೆಂಬ ವದಂತಿಯೂ ಉಂಟು.

ನಾನು ಕಂಡದ್ದು ದೆವ್ವವನ್ನಲ್ಲ. ಮಳೆಗಾಲದ ಒಂದು ಭಾನುವಾರ, ಪ್ರಾಣಿಶಾಸ್ತ್ರದ ಅಧ್ಯಾಪಕರಾದ ಮಿತ್ರರೊಡನೆ ಹೋಗಿದ್ದೆ. ಗೋಡೆಯ ಬುಡದ ಕತ್ತಲೆಯಲ್ಲಿ ಅವರು ಒದ್ದೆಗಲ್ಲೊಂದನ್ನು ಮೆಲ್ಲನೆ ಎತ್ತಿದರು. ಎಳ್ಳಿನಷ್ಟು ಗಾತ್ರದ ಕಂದು ಜೀವಿಯೊಂದು ಎರಡು ಇಕ್ಕುಳಗಳನ್ನು ಮುಂದಕ್ಕೆ ಚಾಚಿ, ಹಿಮ್ಮುಖವಾಗಿ ಸರಿಯಿತು. ಚೇಳಿನ ಮರಿಯೆಂದು ಬೆಚ್ಚಿ ಚಪ್ಪಲಿಯ ಕಾಲನ್ನೆತ್ತಿದೆ. ಮಿತ್ರರು ತೋಳು ಹಿಡಿದು, “ತಡೆಯಿರಿ ಸ್ವಾಮಿ, ಅದಕ್ಕೆ ಕೊಂಡಿ ಎಲ್ಲಿದೆ?” ಎಂದರು.

ಅದು ಹುಸಿಚೇಳು. ಜೇಡಕ್ಕೂ ಚೇಳಿಗೂ ಬಂಧು; ಎಂಟು ಕಾಲುಗಳುಂಟು, ಬಾಲವಿಲ್ಲ. ಬಹುಮಟ್ಟಿನ ಜಾತಿಗಳಲ್ಲಿ ವಿಷವಿರುವುದು ಇಕ್ಕುಳದಲ್ಲಿ. ಅದೂ ಪುಟ್ಟ ಹುಳುಗಳಿಗೆ ಮಾತ್ರ, ಮನುಷ್ಯನಿಗೆ ಅಪಾಯವಿಲ್ಲ. ಲೋಕದಲ್ಲಿ ಇದರ 3,000ಕ್ಕೂ ಮಿಕ್ಕ ಜಾತಿಗಳಿವೆ. ದೂರ ಹೋಗಬೇಕಾದರೆ ಕೆಲವು ನೊಣದ ಕಾಲು ಹಿಡಿದು ಪ್ರಯಾಣ ಬೆಳೆಸುತ್ತವೆ! ಹಳೆಯ ಪುಸ್ತಕಗಳಲ್ಲಿಯೂ ಸೇರಿಕೊಂಡು, ಅಲ್ಲಿನ ಸಣ್ಣ ಹುಳುಗಳನ್ನು ತಿನ್ನುತ್ತವೆ. ಪುಸ್ತಕಗಳಲ್ಲಿ ಬಾಲವಿಲ್ಲದ ಅತಿ ಸಣ್ಣ ಚೇಳುಗಳಿರುತ್ತವೆಂದು ಗ್ರೀಸಿನ ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿದ್ದಾನೆ. ಪುಸ್ತಕಗಳನ್ನೇ ನಂಬಿ ಬದುಕುವ ನಾನು ಅವುಗಳ ಕಾವಲುಗಾರನನ್ನೇ ತುಳಿಯಹೊರಟಿದ್ದೆ.

“ಇದಾದರೂ ಕಲ್ಲಿನ ಸಂದಿಯ ವಾಸಿ. ಗುಹೆಗಳ ಕಗ್ಗತ್ತಲೆಯಲ್ಲಿ ತಲತಲಾಂತರದಿಂದ ನೆಲೆಸಿರುವ ಇದರ ಬಂಧುಗಳಲ್ಲಿ ಅನೇಕಕ್ಕೆ ಕಣ್ಣೇ ಇಲ್ಲ,” ಎಂದರು ಮಿತ್ರರು. ನೀಳವಾಗಿ ಬೆಳೆದ ಇಕ್ಕುಳ, ಕಾಲುಗಳಿಂದ ಮುಟ್ಟಿ ಮುಟ್ಟಿಯೇ ಅವು ಲೋಕವನ್ನರಿಯಬೇಕು. ಅವುಗಳಲ್ಲಿ ಕೆಲವು ಜಾತಿಗಳು ಒಂದೇ ಒಂದು ಗುಹೆಯಲ್ಲಿ ಮಾತ್ರ ದೊರೆತಿವೆಯಂತೆ. ಆ ಗುಹೆಯನ್ನು ಒಡೆದರೆ ಒಂದು ಕುಲವೇ ಅಳಿದಂತೆ. ಅಳಿದದ್ದು ಯಾರಿಗೂ ತಿಳಿಯುವುದೂ ಇಲ್ಲ.

ಜಾಲವೆಂದರೆ ಬಲೆ. ಜಾಲದ ಹೆಸರಿನ ಊರಿನ ಈ ಜೀವಿಗೆ ಮಾತ್ರ ಬಲೆಯೊಡ್ಡಲು ಬಾರದು. ಬಾಯಿಯ ಬಳಿ ಹೊಮ್ಮುವ ರೇಷ್ಮೆಯಿಂದ, ಪೊರೆ ಕಳಚುವ ಕಾಲಕ್ಕೆ, ತನಗೊಂದು ಪುಟ್ಟ ಗೂಡು ಕಟ್ಟಿಕೊಳ್ಳುತ್ತದೆ, ಅಷ್ಟೆ.

ತೇವವೂ ಕತ್ತಲೆಯೂ ತಪ್ಪಿದರೆ ಅದು ಬಾಳದೆಂದು ಮಿತ್ರರು ಹೇಳಿದರು. ಈ ಸಲ ಕಲ್ಲನ್ನು ನಾನೇ ಎತ್ತಿಕೊಂಡು, ಮೊದಲಿದ್ದ ಗುರುತಿನ ಮೇಲೆಯೇ, ಉಸಿರು ಬಿಗಿಹಿಡಿದು ಇಳಿಸಿದೆ. ತಲೆಯ ಮೇಲೆ ವಿಮಾನವೊಂದು ಮೊರೆಯುತ್ತ ಹಾದುಹೋಯಿತು.