ತಮ್ಮ ಭಾಷೆಯಲ್ಲೇ ಹಾಡಿ ಗೆದ್ದವರು



ಯುರೋಪಿನ ದೇಶಗಳು ಟಿವಿಯಲ್ಲಿ ಹಾಡಿ ಸ್ಪರ್ಧಿಸುವ ಯೂರೋವಿಷನ್‌ಗೆ ಪೋರ್ಚುಗಲ್ 1964ರಲ್ಲೇ ಬಂದರೂ 2016ರವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. 2017ರಲ್ಲಿ ಕೀವ್ ನಗರದಲ್ಲಿ ಸಾಲ್ವಡೋರ್ ಸೊಬ್ರಾಲ್ ಹಾಡಿದರು. ಅವರಿಗೆ ಹೃದಯದ ಕಾಯಿಲೆ. ಆರಂಭದ ರಿಹರ್ಸಲ್‌ಗಳಲ್ಲಿ ಅವರ ಬದಲು ನಿಂತು ಹಾಡಿದ್ದು, ಆ ಹಾಡು ಬರೆದ ಅಕ್ಕ ಲೂಯಿಸಾ. ಕುಣಿತವಿಲ್ಲ, ಅಬ್ಬರವಿಲ್ಲ, ಪೋರ್ಚುಗೀಸ್‌ನಲ್ಲೇ ಮೆಲ್ಲಗೆ ಹಾಡಿದರು. 758 ಅಂಕ, ಮೊದಲ ಸ್ಥಾನ! ಗೆದ್ದ ಮೇಲೆ ಅಕ್ಕನೊಂದಿಗೆ ಅದನ್ನೇ ಮತ್ತೆ ಹಾಡಿದರು. ಅದೇ ಡಿಸೆಂಬರ್‌ನಲ್ಲಿ ಅವರಿಗೆ ಹೃದಯ ಕಸಿಯಾಯಿತು.

“ಇಲ್ಲಿ ಕನ್ನಡದಲ್ಲಿ ಹಾಡಿದರೆ ಯಾರು ಕೇಳುತ್ತಾರೆ?” ಎಂದು ಕಾಸರಗೋಡಿನ ನಮ್ಮ ಗಾಯನ ಮಂಡಳಿಯ ಕಿರಿಯರು ನನ್ನನ್ನು ಕೇಳುವುದುಂಟು. ಪೋರ್ಚುಗೀಸ್‌ನ ಒಂದು ಪದವೂ ಬಾರದ ನನ್ನ ಕಣ್ಣು ಆ ಹಾಡಿಗೆ ತೇವವಾಯಿತು. ಮನಸ್ಸಿಟ್ಟು ಹಾಡಿದರೆ ಕೇಳುವವರು ಇದ್ದೇ ಇರುತ್ತಾರೆ.

ಮುಂದಿನ ಪ್ರಾಕ್ಟೀಸಿಗೆ ಒಬ್ಬೊಬ್ಬರೂ ಒಂದು ಕನ್ನಡ ಹಾಡು ಕಲಿತು ಬನ್ನಿ.